ಅಲ್ಮಾಸಳ ಅಗ್ಗದ ಹರಕೆಗಳು

"ಲೆಕ್ಕ ಎಲ್ಲಿ?" ಮಹಾಂತೇಶ ಸರ್ ನೋಟ್‌ಬುಕ್ಕಿನ ಹಾಳೆ ತಿರುವಿ ಕೇಳಿದರು.

"ಮಾಡಿಲ್ರಿ ಸರ್." ಅಲ್ಮಾಸ ಗಂಭೀರವಾಗಿ ಎದ್ದು ನಿಂತಳು. "ಹರಕಿ ಐತ್ರಿ."

"ಏನ್ ಐತಿ?"

"ಹರಕಿ ರಿ. ನಮ್ಮ ಅಮ್ಮಿ ಮಕ್ಕಾದಿಂದ ಸುಖವಾಗಿ ಬರೂತನಾ ಲೆಕ್ಕ ಮುಟ್ಟೂದಿಲ್ಲಂತ ಬೇಡಿಕೊಂಡೀನ್ರಿ. ಈಗ ಮಾಡಿದ್ರ ಹರಕಿ ಮುರದಂಗ ಆಗತೈತ್ರಿ."

ಐದನೇ ಕ್ಲಾಸು ಪೂರ್ತಿ ಅವಳ ಕಡೆ ತಿರುಗಿತು. ಇಷ್ಟು ಒಳ್ಳೆಯ ಉಪಾಯ ನಮಗೇಕೆ ಹೊಳೆಯಲಿಲ್ಲ ಎಂದು ಹಿಂದಿನ ಬೆಂಚಿನವರಿಗೆ ಹೊಟ್ಟೆಕಿಚ್ಚು.

ಸರ್ ಕನ್ನಡಕ ತೆಗೆದು ಒರೆಸಿದರು. "ಹೌದನ? ನನ್ನದೂ ಒಂದು ಹರಕಿ ಐತಿ ನೋಡವಾ. ಹೋಮ್‌ವರ್ಕ್ ಮಾಡಲಾರದವರಿಗೆ ಡಬಲ್ ಲೆಕ್ಕ ಕೊಡತೀನಂತ. ನಾ ಅದನ್ನ ಹೆಂಗ ಮುರೀಲಿ ಹೇಳು?"

ಕ್ಲಾಸು ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪಕ್ಕದಲ್ಲೇ ಕೂತಿದ್ದ ವಿದ್ಯಾ. ಗೆಳತಿ ಎಂದರೆ ಹೀಗಿರಬೇಕು!

ಅಲ್ಮಾಸಳ ಅಮ್ಮಿ ಅಫ್ಸಾನಾ ಇಳಕಲ್ಲಿನ ಸರಕಾರಿ ದವಾಖಾನೆಯಲ್ಲಿ ನರ್ಸ್. ಹಜ್ ಯಾತ್ರೆಗೆ ಹೋದವರ ಆರೋಗ್ಯ ನೋಡಿಕೊಳ್ಳಲು ಸರಕಾರ ಡಾಕ್ಟರು, ನರ್ಸುಗಳ ಒಂದು ತಂಡವನ್ನು ಮಕ್ಕಾಕ್ಕೆ ಕಳಿಸುತ್ತದೆ. ಈ ವರ್ಷ ಅದರಲ್ಲಿ ಅಮ್ಮಿಯ ಹೆಸರೂ ಬಂತು. ಓಣಿಯವರೆಲ್ಲ "ಅಫ್ಸಾನಾ ಮಿಷನ್ ಡ್ಯೂಟಿಗೆ ಹೊಂಟಾಳ" ಎಂದು ಹೆಮ್ಮೆಪಟ್ಟರು. ಅಲ್ಮಾಸಳಿಗೂ ಹೆಮ್ಮೆಯೇ. ಆದರೆ ಅಮ್ಮಿಯ ಫೋನ್ ಬರುವುದು ಸ್ವಲ್ಪ ತಡವಾದರೂ ಸಾಕು, ಹೆಮ್ಮೆ ಎಲ್ಲೋ ಮಾಯವಾಗಿ ಹೆದರಿಕೆ ಶುರುವಾಗುತ್ತಿತ್ತು.

ಹೆದರಿಕೆಯಾದಾಗಲೆಲ್ಲ ಅವಳು ಒಂದೊಂದು ಹರಕೆ ಹೊರುತ್ತಿದ್ದಳು. ಅಮ್ಮಿ ಬರುವ ತನಕ ಹಾಗಲಕಾಯಿ ತಿನ್ನುವುದಿಲ್ಲ. ಅಮ್ಮಿ ಬರುವ ತನಕ ಅಂಗಳ ಗುಡಿಸುವುದಿಲ್ಲ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದಿಲ್ಲ. ಸ್ವೆಟರ್ ಹಾಕಿಕೊಳ್ಳುವುದಿಲ್ಲ. ಇಳಕಲ್ಲಿನ ಸೆಖೆಯಲ್ಲಿ ಈ ಕೊನೆಯ ಹರಕೆಯನ್ನಂತೂ ಅವಳು ಬಹಳ ನಿಷ್ಠೆಯಿಂದ ನಡೆಸಿದಳು.

ವಿದ್ಯಾಳೂ ಕೈಜೋಡಿಸಿದಳು. "ನಮ್ಮ ಬೀರಪ್ಪ ದೇವರಿಗೂ ಒಂದು ಹೇಳಿಬಿಡ್ತೇನಿ ತಡಿ. ಅಮ್ಮಿ ಬಂದಮ್ಯಾಲ ಟೆಂಗಿನಕಾಯಿ ಒಡಸೂಣು. ಕೊಬ್ಬರಿ ಇಬ್ಬರಿಗೂ ಸಮ ಸಮ!"

ಇದನ್ನೆಲ್ಲ ನೋಡುತ್ತಿದ್ದವರು ದಾದಿ, ಎಂದರೆ ಅಲ್ಮಾಸಳ ಅಜ್ಜಿ ಕಾಸಿಂಬಿ. "ನಿನಗ ಬ್ಯಾಡಾದದ್ದನ್ನೆಲ್ಲ ಅಲ್ಲಾಗ ಕೊಡಾಕತ್ತೀಯಲ್ಲ, ಭಾಳ ಶಾಣ್ಯಾ ಅದಿ!" ಎಂದು ಬೈಯುತ್ತಲೇ ತಾವೇ ಕಸಬರಿಗೆ ಹಿಡಿದು ಅಂಗಳ ಗುಡಿಸುತ್ತಿದ್ದರು.

ಬುಧವಾರ ಅಮ್ಮಿಯ ಫೋನ್ ಬರಲಿಲ್ಲ. ಗುರುವಾರ ಅಬ್ಬಾ ಹಚ್ಚಿ ನೋಡಿದರೆ ಸ್ವಿಚ್ ಆಫ್. ಟಿವಿಯಲ್ಲಿ ಮಕ್ಕಾದ ಬಿಸಿಲನ್ನು ತೋರಿಸಿದರು. ಬಿಳಿ ಬಟ್ಟೆಯ ಜನ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಒಬ್ಬ ಮುದುಕನನ್ನು ಸ್ಟ್ರೆಚರ್ ಮೇಲೆ ಒಯ್ಯುತ್ತಿದ್ದರು. ಅಬ್ಬಾ ಬೇಗನೆ ಚಾನಲ್ ಬದಲಿಸಿದರು. ಆದರೆ ಅಲ್ಮಾಸ ನೋಡಿಬಿಟ್ಟಿದ್ದಳು.

ಓಣಿಯಲ್ಲಿ ಯಾರ ಮೊಬೈಲ್ ಹೊಡೆದುಕೊಂಡರೂ ಅವಳು ಓಡಿ ಬರತೊಡಗಿದಳು. ತಪ್ಪೆಲ್ಲ ತನ್ನದೇ ಅನ್ನಿಸಿತು. ತಾನು ಹೊತ್ತದ್ದೆಲ್ಲ ಅಗ್ಗದ ಹರಕೆ. ಅಲ್ಲಾಹನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಆಗ ಅವಳು ಒಂದು ಖರೇ ಹರಕೆ ಹೊತ್ತಳು. ಶನಿವಾರ ಹುನಗುಂದದಲ್ಲಿ ಅಲ್ಲಿನ ಶಾಲೆಯವರ ಜೊತೆ ಖೊಖೊ ಮ್ಯಾಚ್ ಇತ್ತು. ಹೋದ ವರ್ಷ ಸೋತಂದಿನಿಂದ ಅವಳು ಅದಕ್ಕೇ ಕಾದಿದ್ದಳು. ಆ ಮ್ಯಾಚ್ ಆಡುವುದಿಲ್ಲ ಎಂದು ಕಣ್ಣು ಮುಚ್ಚಿ ಹೇಳಿದಳು. ಹೇಳಿದ ಮೇಲೆ ಅಳು ಬಂತು.

ಸುದ್ದಿ ಕೇಳಿ ವಿದ್ಯಾ ಸಿಟ್ಟಿನಿಂದ ಕುಣಿದಾಡಿದಳು. "ತಲಿ ಕೆಟ್ಟೈತೇನ ನಿನಗ? ನೀ ಇಲ್ಲಂದ್ರ ಅವರು ನಮ್ಮನ್ನ ಹಪ್ಪಳಾ ಮಾಡಿಬಿಡ್ತಾರ! ಹಾಗಲಕಾಯಿ ಜೋಡಿ ಇನ್ನೊಂದು ಹೀರೇಕಾಯಿ ಬಿಡು, ಸಾಕಾಗಂಗಿಲ್ಲೇನ?"

"ಅಮ್ಮಿಕಿಂತ ಮ್ಯಾಚ್ ದೊಡ್ಡದನ?"

ವಿದ್ಯಾ ಮುನಿಸಿಕೊಂಡು ಮನೆಗೆ ನಡೆದಳು.

ಶನಿವಾರ ಮುಂಜಾನೆ ಅಲ್ಮಾಸ ಚಹಾಕ್ಕೆ ಕೂತಿದ್ದಾಗ ಅಬ್ಬಾನ ಫೋನ್ ಬಡಿದುಕೊಂಡಿತು. ವಿಡಿಯೊ ಕಾಲ್! ಅಮ್ಮಿ! ಮುಖ ಬಾಡಿತ್ತು, ಕಣ್ಣು ಕೆಂಪಾಗಿದ್ದವು, ಆದರೆ ಅಮ್ಮಿಯೇ.

"ಎಲ್ಲಿ ಹೋಗಿದ್ದಿ ನೀ?" ಅಲ್ಮಾಸ ಗದರಿಸಿದಳು. ಥೇಟ್ ಅಮ್ಮಿ ತನ್ನನ್ನು ಗದರಿಸುವ ಹಾಗೆಯೇ.

"ಫೋನ್ ಕೆಟ್ಟಿತ್ತವಾ. ಬಿಸಲಿಗೆ ಸುಸ್ತಾದವರು ಭಾಳ ಮಂದಿ ಬಂದ್ರು, ರಿಪೇರಿಗೆ ಕೊಡಾಕ ಪುರಸೊತ್ತ ಸಿಗಲಿಲ್ಲ."

ದಾದಿ ಫೋನಿಗೆ ಮುಖ ತಂದು ಚಾಡಿ ಹೇಳಿಯೇಬಿಟ್ಟರು. ಹಾಗಲಕಾಯಿ, ಅಂಗಳ, ಎಣ್ಣೆ, ಲೆಕ್ಕ, ಯಾವುದನ್ನೂ ಬಿಡಲಿಲ್ಲ. ಸ್ವೆಟರಿನ ಮಾತಿಗೆ ಅಮ್ಮಿ ಬಿದ್ದು ಬಿದ್ದು ನಕ್ಕಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು.

"ನೀ ನನ್ನಂಗ ಅದಿ ನೋಡು," ಎಂದಳು. "ಇಲ್ಲಿಗೆ ಹೊಸದಾಗಿ ಬಂದಾಗ ನಾನೂ ಹಿಂಗ ಮಾಡತಿದ್ದೆ. ಅಲ್ಮಾಸ ಉಂಡಳೋ ಇಲ್ಲೋ, ಸಾಲಿಗೆ ಹೋದಳೋ ಇಲ್ಲೋ ಅಂತ ತಾಸಿಗೊಮ್ಮೆ ಫೋನ್ ತಗದು ನೋಡೂದು. ಒಂದಿನ ಒಬ್ಬ ಮುದುಕಿ ಸಲೈನ್ ಹಚ್ಚಸ್ಕೊಳ್ಳಾಕ ಕೈ ಚಾಚಿ ಮಲಗಿದ್ದಳು. ನಾ ಫೋನ್ ನೋಡಕೋತ ನಿಂತಿದ್ದೆ. ಅಕಿ ಅಂದಳು, 'ಬೇಟಿ, ನಿನ್ನ ಮಗಳನ್ನ ಒಂದು ಗಳಿಗಿ ಅಲ್ಲಾನ ಕೈಯಾಗ ಕೊಡು. ನಿನ್ನ ಎರಡೂ ಕೈ ನನಗ ಬೇಕಾಗ್ಯಾವ.'"

"ಆಮ್ಯಾಲ?"

"ಆಮ್ಯಾಲ ಏನು, ಕೊಟ್ಟೆ. ಈಗ ದಿನಾ ಡ್ಯೂಟಿಗೆ ಹೋಗೂಮುಂದ ಕೊಟ್ಟ ಹೋಗತೀನಿ."

"ಅಮ್ಮಿ, ಮತ್ತ ನನ್ನ ಮ್ಯಾಚ್..." ಅಷ್ಟರಲ್ಲಿ ಕಾಲ್ ಕಟ್ ಆಯಿತು.

ಅಲ್ಮಾಸ ದಾದಿಯ ಮುಖ ನೋಡಿದಳು. "ಅಲ್ಲಾ ಏನು ನಿನ್ನ ಖೊಖೊ ಬೇಡಿದ್ನೇನ?" ಎಂದರು ದಾದಿ. "ಹೋಗು, ಆಡೂದು ಬಿಡೂದು ಅಲ್ಲಿ ಹೋದಮ್ಯಾಲ ನೋಡೀವಂತಿ. ಬಸ್ ತಪ್ಪತೈತಿ."

ಹುನಗುಂದದ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಲ್ಮಾಸ, ವಿದ್ಯಾ ಹೇಗೋ ತೂರಿಕೊಂಡು ಒಂದು ಸೀಟು ಹಿಡಿದರು. ವಿದ್ಯಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಇದ್ದಳು. ಅಲ್ಮಾಸಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಹರಕೆ ಮುರಿದು, ನಾಳೆ ಅಮ್ಮಿಗೆ ಏನಾದರೂ ಆದರೆ?

"ತಂಗಿ, ಸ್ವಲ್ಪ ಹಿಡಕೊಳ್ಳವಾ."

ತಲೆ ಎತ್ತುವುದರೊಳಗೆ ಅವಳ ತೊಡೆಯ ಮೇಲೆ ಒಂದು ದುಂಡನೆಯ ಕೂಸು ಬಂದು ಕೂತಿತ್ತು. ಕೂಸಿನ ತಾಯಿ ಎರಡು ಚೀಲಗಳ ನಡುವೆ ಸಿಕ್ಕಿಕೊಂಡು ನಿಂತಿದ್ದಳು. ಕಂಡಕ್ಟರ್ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ಕೇಳುತ್ತಿದ್ದ. ಅವಳು ಒಂದು ಚೀಲ ತಡಕಾಡಿದಳು, ಇನ್ನೊಂದು ಚೀಲ ತಡಕಾಡಿದಳು. "ಐತ್ರೀಯಪ್ಪಾ, ಸ್ವಲ್ಪ ತಡ್ಕೋರಿ!" ಎಂದು ಅವನ ಮೇಲೆಯೇ ಜೋರು ಮಾಡಿದಳು.

ಕೂಸು ಮೊದಲು ಅಲ್ಮಾಸಳ ಮೂಗು ಹಿಡಿಯಿತು. ಆಮೇಲೆ ರಿಬ್ಬನ್ ಬಿಚ್ಚಿ ಬಾಯಿಗೆ ಹಾಕಿಕೊಂಡಿತು. ಅದೂ ಸಾಕಾದ ಮೇಲೆ ಸುಮ್ಮನೆ ಕೂತು ಯೂನಿಫಾರ್ಮ್ ತುಂಬ ಉಚ್ಚೆ ಹೊಯ್ದಿತು.

"ಅಯ್ಯ!" ಎಂದು ವಿದ್ಯಾ ಮುನಿಸು ಮರೆತು ಕಿಸಕ್ಕನೆ ನಕ್ಕಳು. ಅಲ್ಮಾಸ ಹಲ್ಲು ಕಚ್ಚಿದಳು, ಆದರೆ ಕೂಸನ್ನು ಬಿಡಲಿಲ್ಲ. ಬಸ್ಸು ಗುಂಡಿಯಲ್ಲಿ ಹಾರಿತು. ಅವಳು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ತಾಯಿಯ ಕಡೆ ನೋಡಿದರೆ ಅವಳು ಇತ್ತ ತಿರುಗಿಯೂ ನೋಡುತ್ತಿರಲಿಲ್ಲ. ಕಾರ್ಡ್ ಸಿಕ್ಕಿತ್ತು. ಪಕ್ಕದವಳ ಜೊತೆ ಉಳ್ಳಾಗಡ್ಡಿಯ ರೇಟು ಮಾತಾಡಿ ನಗುತ್ತಿದ್ದಳು.

ಹುನಗುಂದದಲ್ಲಿ ಕೂಸನ್ನು ವಾಪಸ್ ಕೊಡುವಾಗ ಅಲ್ಮಾಸಳಿಗೆ ತಡೆಯಲಾಗಲಿಲ್ಲ. "ಅಕ್ಕಾರ, ನಿಮಗ ಹೆದರಿಕಿ ಆಗಲಿಲ್ಲೇನ್ರಿ? ನಾ ಬೀಳಿಸಿದ್ರ?"

"ಯಾಕ ಬೀಳಸ್ತಿ? ನಿನ್ನ ನೋಡೇ ಕೊಟ್ಟೇನಿ," ಎಂದಳು ಆಕೆ. ಒದ್ದೆಯಾದ ಸ್ಕರ್ಟ್ ಕಂಡು ನಾಲಿಗೆ ಕಚ್ಚಿಕೊಂಡಳು. "ಅಯ್ಯ ನನ್ನವ್ವಾ, ಹಿಂಗ ಮಾಡೇತೇನ ಇದು! ಆದರೂ ಗಟ್ಟಿ ಹಿಡಕೊಂಡಿ ನೋಡು."

ಆಕೆ ಹೋದ ಮೇಲೂ ಅಲ್ಮಾಸ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಇದ್ದಳು. ವಿದ್ಯಾ ಕೈ ಹಿಡಿದು ಎಳೆಯಬೇಕಾಯಿತು.

ಮೈದಾನದಲ್ಲಿ ಮಹಾಂತೇಶ ಸರ್ ಒಬ್ಬೊಬ್ಬರ ಹೆಸರು ಕೂಗುತ್ತ, ಅವಳ ಹೆಸರಿಗೆ ಬಂದಾಗ ನಿಲ್ಲಿಸಿದರು. ವಿದ್ಯಾ ಅವರಿಗೆ ಎಲ್ಲ ಹೇಳಿಟ್ಟಿದ್ದಳು. "ಏನವಾ, ಆಡತೀಯೋ ಹರಕಿನೋ?"

"ಒಂದು ನಿಮಿಷ ರಿ ಸರ್."

ಅವಳು ಗೆರೆಯ ಆಚೆ ಹೋಗಿ, ಮುಖ ಎತ್ತಿ, ಮೆಲ್ಲಗೆ ಹೇಳಿದಳು. "ಯಾ ಅಲ್ಲಾ, ಅಮ್ಮಿನ್ನ ನೀ ಹಿಡಕೊ. ನಾ ಓಡಬೇಕಾಗೈತಿ."

ಮತ್ತೆ ಏನನ್ನೂ ಕೊಡುತ್ತೇನೆಂದು ಹೇಳಲಿಲ್ಲ. ಹೋಗಿ ಸಾಲಿನಲ್ಲಿ ಕೂತಳು. ಬಿಸಿಲಿಗೆ ಸ್ಕರ್ಟ್ ಒಣಗತೊಡಗಿತ್ತು, ವಾಸನೆ ಮಾತ್ರ ಹೋಗಿರಲಿಲ್ಲ.

ಶಿಳ್ಳೆ ಮೊಳಗಿತು. ಆಟ ರಂಗೇರುತ್ತಿದ್ದಾಗ ಗೆರೆಯ ಪಕ್ಕದಲ್ಲಿ ಸರ್ ಅವರ ಫೋನ್ ಹೊಡೆದುಕೊಂಡಿತು. ಅಲ್ಮಾಸಳಿಗೆ ಕೇಳಿಸಿತು. ಅಷ್ಟರಲ್ಲಿ ವಿದ್ಯಾ ಅವಳ ಬೆನ್ನಿಗೆ ಛಟ್ ಎಂದು ಹೊಡೆದಳು.

"ಖೊ!"

ಅಲ್ಮಾಸ ಎದ್ದಳು. ಫೋನ್ ಯಾರಿಂದ ಬಂತೆಂದು ತಿರುಗಿ ನೋಡಲಿಲ್ಲ. ಮುಂದೆ ಹುನಗುಂದದ ಹುಡುಗಿಯ ಉದ್ದ ಜಡೆ ಹಾರಾಡುತ್ತಿತ್ತು. ಅವಳು ಅದರ ಬೆನ್ನು ಹತ್ತಿ ಓಡಿದಳು.