ಮಂಕಾಳಿ ಮುಚ್ಚಿದ ಬಲೆಯ ಕಣ್ಣು

ಬಹಳ ಹಿಂದೆ, ಅಲೆಗಳು ಅರಮನೆಯ ಮೆಟ್ಟಿಲು ತೊಳೆಯುತ್ತಿದ್ದ ಶಂಖದ್ವೀಪ ಎಂಬ ರಾಜ್ಯವಿತ್ತು. ಅಲ್ಲಿಯ ಬೆಸ್ತರು ಬಲೆ ಹೆಣೆಯುವಾಗ ಒಂದು ಕಣ್ಣನ್ನು ಗಂಟು ಹಾಕದೆ ತೆರೆದೇ ಬಿಡುತ್ತಿದ್ದರು, ಕಡಲಿನದು ಕಡಲಿಗೆ ಹೋಗಲಿ ಎಂದು.

ಅವರಲ್ಲಿ ಮಂಕಾಳಿ ಎಂಬವಳ ಮಗ ಜಟ್ಟಿ ಬಿರುಗಾಳಿಗೆ ಸಿಕ್ಕಿ ಮುಳುಗಿ ಸತ್ತ. ಆ ಸಂಕಟದಲ್ಲಿ ಮಂಕಾಳಿ ಒಂದು ಕಣ್ಣನ್ನೂ ತೆರೆದು ಬಿಡದೆ ಬಲೆ ಹೆಣೆದು, ಅವನು ಮುಳುಗಿದಲ್ಲೇ ಬೀಸಿದಳು. ಯಾರೋ ಕೆಳಗಿನಿಂದ ಬಲೆಯನ್ನು ಎಳೆದುಕೊಂಡರು.

ಅಂದು ಸಂಜೆ ಜಟ್ಟಿ ಮನೆಗೆ ಬಂದ. ಒಲೆಯ ಮುಂದೆ ಕುಳಿತರೂ ಅವನ ಮೈ ಒಣಗಲಿಲ್ಲ. ಮಾತಾಡಲಿಲ್ಲ. ಮರುದಿನವೂ ಬಂದ. ಮಂಕಾಳಿ ಅವನನ್ನೇ ನೋಡುತ್ತಾ ಕೂತಳು. ನೋಡಿದಷ್ಟೂ ಅವಳ ಬೆರಳುಗಳು ಉಪ್ಪಾಗುತ್ತಾ ಬಂದವು.

“ಅಮ್ಮಾ, ನಿನ್ನ ಕೈ ನೋಡ್ಕೋ!” ಎಂದಳು ಮಗಳು ಮಾದೇವಿ.

“ಸುಮ್ನಿರೇ. ಮಗ ಉಣ್ಣೋ ಹೊತ್ತು.”

ಮಾದೇವಿ ದಡಕ್ಕೆ ಓಡಿದಳು. ಅಲ್ಲೊಂದು ಮುದಿ ಆಮೆ ಕಾದಿತ್ತು. “ಕಡಲಡಿಯ ನೊರೆಗಣ್ಣ ಎಂಬ ಮಾಂತ್ರಿಕ ನಿಮ್ಮ ಬಲೆ ಕದ್ದಿದ್ದಾನೆ. ನಿನ್ನಣ್ಣನ ಜೀವ ಅದರಲ್ಲಿ ಸಿಕ್ಕಿಕೊಂಡಿದೆ. ನಾಳೆಯ ಉಬ್ಬರದೊಳಗೆ ಒಂದು ಗಂಟು ಬಿಚ್ಚದಿದ್ದರೆ ನಿನ್ನಮ್ಮ ಪೂರ್ತಿ ಉಪ್ಪಿನ ಕಂಬ! ಹತ್ತು ನನ್ನ ಬೆನ್ನು!”

ಆಮೆ ನೀರು ಸೀಳಿಕೊಂಡು ಹೊರಟಿತು. ಮಾಂತ್ರಿಕನ ಗುಹೆಯ ಮೊದಲ ಬಾಗಿಲಲ್ಲಿ ಆನೆಗಾತ್ರದ ಏಡಿ. “ನೆಟ್ಟಗೆ ನಡೆಯುವವರಿಗೆ ಇಲ್ಲಿ ದಾರಿಯಿಲ್ಲ!”

“ಅಷ್ಟೇನಾ, ಏಡಿಮಾವ?” ಎಂದ ಮಾದೇವಿ ಅಡ್ಡಡ್ಡ ಹೆಜ್ಜೆ ಹಾಕಿ ನುಸುಳಿದಳು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಕಡಲಹಾವು. “ಅಳದವರಿಗೆ ಇಲ್ಲಿ ದಾರಿಯಿಲ್ಲ!”

ಅಣ್ಣ ಹೋದಂದಿನಿಂದ ಅವಳು ಅತ್ತಿರಲಿಲ್ಲ. ಅಮ್ಮನನ್ನು ನೋಡಿಕೊಳ್ಳುವುದರಲ್ಲೇ ಹೊತ್ತು ಹೋಗಿತ್ತು. ಅವನು ಅವಳ ಜಡೆಯನ್ನು ದೋಣಿಯ ಹಗ್ಗಕ್ಕೆ ಕಟ್ಟಿ ಓಡಿಹೋಗುತ್ತಿದ್ದುದು ಈಗ ನೆನಪಾಯಿತು. ಬಿಕ್ಕಿ ಬಿಕ್ಕಿ ಅತ್ತಳು. ಹಾವು ಏಳೂ ಹೆಡೆ ತಗ್ಗಿಸಿತು.

ಮೂರನೆಯ ಬಾಗಿಲೇ ಆ ಬಲೆ. ಒಳಗೆ ಜಟ್ಟಿ. ಸುತ್ತ ಉಪ್ಪಿನ ಕಂಬಗಳು, ಒಂದೊಂದಕ್ಕೂ ಮನುಷ್ಯರ ಮುಖ.

“ಬಿಚ್ಚು, ಬಿಚ್ಚು! ಬಿಚ್ಚಿದರೆ ನಿನ್ನಣ್ಣ ಇನ್ನೆಂದೂ ಮನೆಗೆ ಬರಲಾರ” ಎಂದು ನೊರೆಗಣ್ಣ ನಕ್ಕ.

ಮಾದೇವಿ ಅಣ್ಣನ ಮುಖ ನೋಡಿದಳು. ಆದರೂ ಗಂಟು ಹಿಡಿದು ಎಳೆದಳು.

“ಏ ಮೊದ್ದೇ!” ಸತ್ತ ಮೇಲೆ ಜಟ್ಟಿ ಆಡಿದ ಮೊದಲ ಮಾತು ಅದು. “ಎಳೀಬೇಡ್ವೇ. ಅಮ್ಮನ ಗಂಟು ಎಳೆದಷ್ಟೂ ಬಿಗಿಯುತ್ತೆ. ನನ್ನ ಕಡೆ ತಳ್ಳು.”

ತಳ್ಳಿದಳು. ಗಂಟು ಸಡಿಲಿತು, ಕಣ್ಣು ತೆರೆಯಿತು! ಜಟ್ಟಿ ಬೆಳ್ಳಿಮೀನಾಗಿ ಅವಳ ಕೆನ್ನೆ ಸವರಿ ಆಳಕ್ಕೆ ಜಿಗಿದ. ನೊರೆಗಣ್ಣ ಬರಿಯ ನೊರೆಯಾಗಿ ಒಡೆದುಹೋದ. ಕಂಬಗಳೆಲ್ಲ ಕೆಮ್ಮುತ್ತಾ, ಮೈ ಕೊಡವುತ್ತಾ ಜನರಾಗಿ ಎದ್ದವು. “ಯಾರದು, ನನ್ನ ಕಾಲು ತುಳಿದೋರು?” ಎಂದು ಕೂಗಿದ ಹೆಂಗಸು, ಸತ್ತ ಮಗುವನ್ನು ಬಿಡಲಾರದೆ ಎಂದೋ ಕಾಣೆಯಾಗಿದ್ದ ಶಂಖದ್ವೀಪದ ಮಹಾರಾಣಿ.

ಮಾದೇವಿ ಮರಳಿದಾಗ ಮಂಕಾಳಿ ಮನೆಬಾಗಿಲಲ್ಲೇ ನಿಂತಿದ್ದಳು. ಬೆರಳುಗಳು ಮೊದಲಿನಂತಾಗಿದ್ದವು. “ಹೋದನೇನೇ?”

“ಹೋದ, ಅಮ್ಮಾ. ನನ್ನನ್ನ ಮೊದ್ದು ಅಂದ.”

ಮಂಕಾಳಿ ನಕ್ಕಳು. ನಗುತ್ತಲೇ ಅತ್ತಳು.

ಆಮೇಲೆ ಶಂಖದ್ವೀಪದಲ್ಲಿ ಎಲ್ಲರೂ ಸುಖವಾಗಿದ್ದರು. ತಾಯಿ ಮಗಳು ಕೂಡಿ ಹೊಸ ಬಲೆ ಹೆಣೆದರು. ಅದರ ಒಂದು ಕಣ್ಣನ್ನು ಮಂಕಾಳಿ ತಾನೇ ತೆರೆದುಬಿಟ್ಟಳು, ಉಳಿದವಕ್ಕಿಂತ ತುಸು ದೊಡ್ಡದಾಗಿ. ಜಟ್ಟಿ ಮೊದಲಿನಿಂದಲೂ ಮೈಕೈ ತುಂಬಿಕೊಂಡ ಹುಡುಗ.