ವಶೀಲಿಯ ಕುರ್ಚಿ

ನಾಸಿಕ್ ರೋಡ್ ಸ್ಟೇಷನ್ ಎದುರಿನ ಇಂಗ್ಲಿಷ್ ಕ್ಲಾಸಿನಲ್ಲಿ ಅಂದು ಟೀಚರಾಗಿ ರುಚಿತಾಳ ಮೊದಲ ಪಾಠ. ಬೋರ್ಡಿನ ಮೇಲೆ 'ಎಕ್ಸರ್ಟ್' ಎಂದು ಬರೆದಳು.

ಬಲ ಇದ್ದರೆ ಸಾಲದು, ಅದನ್ನು ಇನ್ನೊಬ್ಬರ ಮೇಲೆ ಪ್ರಯೋಗಿಸಬೇಕು, ಪ್ರಭಾವ ಬೀರುವುದಕ್ಕೂ ಒತ್ತಡ ಹಾಕುವುದಕ್ಕೂ ಇದೇ ಪದ ಎಂದು ಹಿಂದಿಯಲ್ಲಿ ವಿವರಿಸಿದಳು. "ಯಾರು ವಾಕ್ಯ ಮಾಡ್ತೀರಿ?"

ಹಿಂದಿನ ಬೆಂಚಿನಿಂದ ನಚಿಕೇತ ಎದ್ದ. ಗ್ರೀಸ್ ಮೆತ್ತಿದ ಅಂಗಿ, ಉರಿಯುವ ಕಣ್ಣು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಹತ್ತಿರದ ಓಝರ್‌ನ ವರ್ಕ್‌ಶಾಪ್ ಸೇರಿದವನು.

"ಮೇಡಮ್ಸ್ ಫಾದರ್ ಎಕ್ಸರ್ಟೆಡ್ ಇನ್‌ಫ್ಲುಯೆನ್ಸ್!"

ಆಮೇಲೆ, ತನ್ನಂತೆ ಕನ್ನಡದವಳಾದ ಅವಳಿಗೆ ಮಾತ್ರ ತಿಳಿಯಲೆಂದು ಕನ್ನಡದಲ್ಲಿ, "ಇಲ್ಲಾಂದ್ರ ಈ ಕುರ್ಚಿ ನಿಮಗೆಲ್ಲಿ ಸಿಗತಿತ್ತರಿ, ಬ್ಯಾಂಕ್ ಮ್ಯಾನೇಜರ್ ಸಾಹೇಬರ ಮಗಳೇ?"

"ನಾಲಿಗಿ ಬಿಗಿ ಹಿಡೀರಿ! ಶಾಲಿ ಬಿಟ್ಟವರಿಗೆ ಏನ್ ಗೊತ್ತದ?"

"ವಶೀಲಿ ಯಾವ್ದು, ಯೋಗ್ಯತಿ ಯಾವ್ದು... ಅಷ್ಟು ಗೊತ್ತೈತಿ."

ಥೂ, ಎಂಥ ಸೊಕ್ಕು!

ದಿನಾ ಅವನ ಕೊಂಕು, ದಿನಾ ಇವಳ ಸಿಡುಕು. ಅವನು ತಡವಾದ ದಿನ ಮಾತ್ರ ಕಣ್ಣು ಬಾಗಿಲಿಗೇ ಹೋಗುತ್ತಿತ್ತು... ಯಾಕೆ?

ಒಂದು ದಿನ ಊಟದ ಹೊತ್ತಿಗೆ ನಗುತ್ತಲೇ ಅವನ ಮಾತೆತ್ತಿದಳು. ಬ್ಯಾಂಕ್ ಮ್ಯಾನೇಜರರಾದ ಅಪ್ಪ ನರಹರಿ ನಗಲಿಲ್ಲ.

"ನಿನ್ನ ಸಲುವಾಗಿ ಕ್ಲಾಸಿನ ಮಾಲಕಗ ಒಂದ್ ಫೋನ್ ಮಾಡೀನಿ, ಖರೆ. ಅದರಾಗೇನು ತಪ್ಪು? ಆ ಪೋರನ್ನ ಕ್ಲಾಸಿನಿಂದ ಹೊರಗ ಹಾಕಸ್ಲಿಕ್ಕೂ ಒಂದ್ ಫೋನ್ ಸಾಕು!"

ಮರುದಿನ ಹಿಂದಿನ ಬೆಂಚು ಖಾಲಿ!

ಅವನು ಊರು ಬಿಡುತ್ತಿದ್ದಾನೆಂದು ಕೇಳಿ ಬಸ್ ಸ್ಟಾಪಿಗೆ ಓಡಿದಳು. ಅವನು ಚೀಲ ಹೆಗಲಿಗೇರಿಸಿದ್ದ.

"ಶಭಾಶ್ ಮೇಡಂ! ಈಗ ಪಾಠ ಪೂರಾ ತಿಳೀತು. ಔರಂಗಾಬಾದ್ ಬಾಜೂಕ ಬಿಡಕಿನ್‌ದಾಗ ಹೊಸಾ ಫ್ಯಾಕ್ಟರಿಗೆ ಹೊಂಟೀನಿ. ಅಲ್ಲಿಗೂ ಅಪ್ಪಾರ ಫೋನ್ ಹತ್ತತೈತೇನು?"

ಹೊರಳಿಯೂ ನೋಡದೆ ಔರಂಗಾಬಾದ್ ಬಸ್ ಹತ್ತಿದ.

ಆ ಕುರ್ಚಿಯಲ್ಲಿ ರುಚಿತಾ ಮತ್ತೆ ಕೂರಲಿಲ್ಲ.

"ಅಪ್ಪಾ, ನನ್ನ ಸಲುವಾಗಿ ಇನ್ನ ಯಾರಿಗೂ ಫೋನ್ ಮಾಡಬ್ಯಾಡ್ರಿ."

ಕೆಲವು ತಿಂಗಳ ಮೇಲೆ, ಕಂಡಕ್ಟರ್ ಔರಂಗಾಬಾದಿನ ಹೊಸ ಹೆಸರು ಹಿಡಿದು "ಸಂಭಾಜಿನಗರ!" ಎಂದು ಕೂಗುವ ಅದೇ ಬಸ್ಸಿನಲ್ಲಿ ಬಂದು, ಬಿಡಕಿನ್ ಫ್ಯಾಕ್ಟರಿ ಗೇಟಿನ ಚಹಾ ಅಂಗಡಿ ಎದುರು ನಿಂತಳು.

"ಇಲ್ಲೂ ನೌಕರೀನೇನ್ರಿ? ಯಾರಿಗೆ ಹೇಳಿಸಿದ್ರಿ?" ನಚಿಕೇತನ ತುಟಿ ಕೊಂಕಿತು.

"ಯಾರಿಗೂ ಇಲ್ಲ! ಇಲ್ಲಿ ಪ್ಯಾಟ್ಯಾಗಿನ ಶಾಲಿಯವರೆಲ್ಲ ಒಲ್ಲೆ ಅಂದ್ರು. ಕಡೀಕ ಒಬ್ರು ಪಾಠ ಮಾಡಿಸಿ, ಕೇಳಿ, ತಗೊಂಡ್ರು."

ಅವನ ಕಣ್ಣಿನ ಉರಿ ಮೊದಲ ಸಲ ತಣ್ಣಗಾಯಿತು.

"ನನಗ ಸಿಟ್ಟಿದ್ದಿದ್ದು ಆ ಕುರ್ಚಿ ಮ್ಯಾಲರಿ. ನಿಮ್ಮ ಮ್ಯಾಲ..."

"ನನ್ನ ಮ್ಯಾಲ?"

"ಜೀವಾನೇ ಇಟ್ಟೀನಿ. ಹೂಂ ಅನ್ನೂದು, ಬಿಡೂದು ನಿಮ್ಮ ಮನಸು. ನಾ ಯಾರಿಗೂ ಒತ್ತಾಯ ಮಾಡಾಂವಲ್ಲ."

"ಒಂಚೂರೂ ಇಲ್ಲಾ?"

ಅವನು ತನ್ನ ಚಹಾದ ಗ್ಲಾಸನ್ನು ಅವಳತ್ತ ಸರಿಸಿದ.

"ಇದಕ್ಕಷ್ಟ ಮಾಡ್ತೀನಿ. ಕುಡೀಲೇಬೇಕು!"

"ಹೂಂ," ಎಂದಳು ರುಚಿತಾ. ಚಹಾಕ್ಕೂ... ಅದಕ್ಕೂ.