ಜಾಲರಿಯಲ್ಲಿ ಸಿಕ್ಕ ಜಾಜು

ಉಚ್ಚಂಗಮ್ಮನ ಕುರಿ ರೊಪ್ಪದ ಬಾಗಿಲು ಹಾರು ಹೊಡೆದಿತ್ತು. ಒಳಗೆ ಹಿಕ್ಕೆ ಇತ್ತು, ಕುರಿ ಇರಲಿಲ್ಲ. ಹದಿನಾಲ್ಕರಲ್ಲಿ ಒಂದೂ ಇರಲಿಲ್ಲ. ಹೊತ್ತು ಮಧ್ಯಾಹ್ನ ಮೂರು ಗಂಟೆ.

ನಮ್ಮ ಹಟ್ಟಿ ಐಮಂಗಲದ ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗಿದೆ. ಅವತ್ತು ಹಟ್ಟಿಗೆ ಹಟ್ಟಿಯೇ ಧರ್ಮಪುರದ ಕಡೆ ಒಂದು ತಿಥಿ ಊಟಕ್ಕೆ ಹೋಗಿತ್ತು. ಕಾವಲಿಗೆ ಉಳಿದವನು ಬೀರೇಶ, ಉಚ್ಚಂಗಮ್ಮನ ತಂಗಿಯ ಮಗ. ನಡುವೆ ಒಂದು ಗಂಟೆ ಅವನೂ ಅಲ್ಲಿರಲಿಲ್ಲ. ಅರಣ್ಯ ರಕ್ಷಕನ ಕೆಲಸಕ್ಕೆ ಬರವಣಿಗೆ ಪರೀಕ್ಷೆ ಪಾಸಾಗಿದ್ದಾನೆ, ಮುಂದಿನ ವಾರ ಚಿತ್ರದುರ್ಗದಲ್ಲಿ ಓಟದ ಪರೀಕ್ಷೆ. ಅಭ್ಯಾಸಕ್ಕೆ ಓಡಲು ಹೋಗಿದ್ದನಂತೆ. ಮಟಮಟ ಮಧ್ಯಾಹ್ನ ಅವನು ಓಡಿದ್ದನ್ನು ನೋಡಿದವರು ಯಾರೂ ಇಲ್ಲ.

ಉಚ್ಚಂಗಮ್ಮನ ಮೈದುನ ಸಣ್ಣಪ್ಪ ತಿಥಿಯ ಪಾಯಸ ಅರಗುವ ಮೊದಲೇ ಕಳ್ಳನನ್ನು ಹಿಡಿದಿದ್ದ. ಅವನ ಪ್ರಕಾರ ಅದು ಬೀರೇಶ. ಕುರಿಗಳ ಗೊರಸಿನ ಗುರುತು ಡಾಂಬರು ರಸ್ತೆಯವರೆಗೆ ಹೋಗಿ ನಿಂತಿತ್ತು. ಅಂದರೆ ಗಾಡಿಗೆ ಹತ್ತಿಸಿದ್ದಾರೆ. ಕುರಿಗಳ್ಳರು ಪಿಕಪ್ ತರುತ್ತಾರೆ, ಇದು ನಮ್ಮಲ್ಲಿ ಕೂಸಿಗೂ ಗೊತ್ತು. ಗೊತ್ತಿರುವುದನ್ನೇ ನೋಡುವ ಜನ ನಾವು. ನಾನೂ ಅವತ್ತು ಅದನ್ನೇ ನೋಡಿದೆ.

ನಾನು ರವೀಂದ್ರ. ಹೆದ್ದಾರಿ ಬದಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದೇನೆ. ಔಷಧಿ ಹೊಡೆಯುವ ಯಂತ್ರ, ನೀರೆತ್ತುವ ಎಂಜಿನ್, ನೀರು ಚಿಮ್ಮಿ ತೊಳೆಯುವ ಪೆಟ್ರೋಲ್ ಪ್ರೆಶರ್ ವಾಷರ್ ನನ್ನ ಕೈಗೆ ಬರುತ್ತವೆ. ಮೂವತ್ತು ವರ್ಷದಲ್ಲಿ ಕಲಿತದ್ದು ಒಂದೇ. ಯಂತ್ರ ತಾನಾಗಿ ಕೆಡುವುದು ಅಪರೂಪ, ಕೆಡಿಸುವವರು ದಂಡಿಯಾಗಿ ಇದ್ದಾರೆ.

ಅಷ್ಟರಲ್ಲಿ ಮುರುಗೇಶಪ್ಪ ಬಂದ. ಈತ ಹೊಸದುರ್ಗದಲ್ಲಿ ಗುತ್ತಿಗೆ ಕೆಲಸ ಮಾಡಿ, ಎರಡು ವರ್ಷದ ಹಿಂದೆ ನಮ್ಮ ಹಟ್ಟಿಯಿಂದ ಅರ್ಧ ಮೈಲಿ ಆಚೆ, ಅದೇ ಡಾಂಬರು ರಸ್ತೆಗೆ ತೋಟದ ಮನೆ ಕಟ್ಟಿಸಿದವನು. ಯೂಟ್ಯೂಬ್ ನೋಡಿ ಕುರಿ ಸಾಕಣೆ ಕಲಿತವನು. ಅದನ್ನು ತಲೆತಲಾಂತರದಿಂದ ಕುರಿ ಕಾಯುವವರಿಗೇ ಕಲಿಸುತ್ತಾನೆ, ನಾಚಿಕೆ ಎಂಬುದು ಹತ್ತಿರ ಸುಳಿಯುವುದಿಲ್ಲ. ನೆಲದಿಂದ ಆರಡಿ ಎತ್ತರದ ಮರದ ಅಟ್ಟಣೆಯ ಮೇಲೆ ಅವನ ಕುರಿ ಮನೆ. ಸೋಂಕು ತಗಲುತ್ತದೆಂದು ಯಾರನ್ನೂ ಒಳಗೆ ಬಿಡುವುದಿಲ್ಲ. ಮರುದಿನ ಎರಡು ಗಂಟೆಗೆ ಯಾವುದೋ ಸಂಘದವರು ಅವನಿಗೆ 'ಮಾದರಿ ಕುರಿಗಾರ' ಎಂಬ ಪ್ರಶಸ್ತಿ ಕೊಡಲು ಕುರಿ ಎಣಿಸಿ ನೋಡುವವರಿದ್ದರು.

ಖಾಲಿ ರೊಪ್ಪದ ಮುಂದೆ ನಿಂತೂ ಪುಣ್ಯಾತ್ಮ ಉಪದೇಶ ಬಿಡಲಿಲ್ಲ. ಉಚ್ಚಂಗಮ್ಮನ ಜಾಜಿನ ಗಡಿಗೆ ನೋಡಿ ನಕ್ಕ. ಉಳಿದವರು ಪೇಂಟು ಬಳಿದರೆ ಆಕೆ ಜಾಜೆಂಬ ಕೆಮ್ಮಣ್ಣನ್ನು ಹೊಂಗೆ ಎಣ್ಣೆಯಲ್ಲಿ ಕಲಸಿ, ಬಜೆ ತೇಯ್ದು ಸೇರಿಸಿ ಕುರಿಯ ಬೆನ್ನಿಗೆ ಗುರುತು ಹಾಕುತ್ತಾಳೆ. ಮಳೆಗೆ ಹೋಗುವುದಿಲ್ಲ, ಹೇನೂ ಹತ್ತಿರ ಬರುವುದಿಲ್ಲ. ಕಿವಿ ಕತ್ತರಿಸಿ ಗುರುತು ಮಾಡುವ ಪದ್ಧತಿ ಅವರ ಮನೆಯಲ್ಲಿ ಇಲ್ಲ. ಕುರಿಯ ಕಿವಿಗೆ ಕಬ್ಬಿಣ ತಾಗಿಸುವುದಿಲ್ಲ ಎಂದು ಅವಳ ಅತ್ತೆ ಹೊತ್ತ ಹರಕೆ.

"ಇದೆಲ್ಲ ಓದುಬರಹ ಇಲ್ಲದೋರ ಕೆಲಸ. ನನ್ನ ಕುರಿಗೆ ಒಂದು ಚುಕ್ಕಿ ಬಣ್ಣ ಇಲ್ಲ. ಎಲ್ಲದಕ್ಕೂ ನಂಬರಿನ ಟ್ಯಾಗು" ಎಂದ ಮುರುಗೇಶಪ್ಪ.

ಆಮೇಲೆ ದನಿ ತಗ್ಗಿಸಿ, ಮಧ್ಯಾಹ್ನ ಗಾಡಿ ತೊಳೆಯುವ ವಾಟರ್ ಸರ್ವಿಸ್ ಪ್ರದೀಪನ ಬಿಳಿ ಪಿಕಪ್ ಈ ಕಡೆ ಬಂದದ್ದನ್ನು ಕಂಡೆನೆಂದೂ, ಪಕ್ಕದಲ್ಲಿ ಕೂತವನು ಬೀರೇಶನ ಹಾಗಿದ್ದನೆಂದೂ ಹೇಳಿದ. ಸಣ್ಣಪ್ಪ ಆಗಲೇ ಕಾಗದ ತರಿಸಿ ದೂರು ಬರೆಸಿದ.

ಪಿಎಸ್‌ಐ ಸುಷ್ಮಿತಾ ನಾಲ್ಕಕ್ಕೆ ಬಂದರು. ಹೊಳಲ್ಕೆರೆ ಕಡೆಯ ಹೆಣ್ಣುಮಗಳು, ಮಾತು ಕಡಿಮೆ. ದೂರು ಓದಿದರು. ಕುರಿ ಕಳೆದುಕೊಂಡವರು ಉಚ್ಚಂಗಮ್ಮ, ಆಕೆಯೇ ಹೆಬ್ಬೆಟ್ಟು ಒತ್ತಬೇಕು ಎಂದರು. ಒತ್ತಿದರೆ ಬೀರೇಶನ ಹೆಸರು ಠಾಣೆಯ ಪುಸ್ತಕಕ್ಕೆ ಹೋಗುತ್ತದೆ, ಕೆಲಸ ಕೈಬಿಟ್ಟಂತೆಯೇ ಎಂದೂ ತಿಳಿಸಿದರು.

ಬೀರೇಶ ನೆಲ ನೋಡುತ್ತ ನಿಂತಿದ್ದ. ಉಚ್ಚಂಗಮ್ಮ ಅವನನ್ನೇ ಬಹಳ ಹೊತ್ತು ನೋಡಿದಳು.

"ನಾಳೆ ಮಧ್ಯಾಹ್ನದ ತಂಕ ಹುಡುಕ್ರಿ. ಸಿಗ್ಲಿಲ್ಲಂದ್ರೆ ಒತ್ತೀನಿ" ಎಂದಳು.

*

ಪ್ರದೀಪನ ವಾಟರ್ ಸರ್ವಿಸಿಗೆ ಸುಷ್ಮಿತಾ ಗಾಡಿ ಬಲ್ಲವನೆಂದು ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡರು. ನನಗೆ ಖುಷಿಯೇ ಆಗಿತ್ತು. ಪಂಪಿಗೆ ಆಯಿಲ್ ಹಾಕದೆ ವರ್ಷಕ್ಕೆ ಎರಡು ವಾಷರ್ ಸುಡುವವನು ಕುರಿ ಕದಿಯಲಾರನೇ ಎಂದುಕೊಂಡಿದ್ದೆ. ಯಂತ್ರ ಹಾಳು ಮಾಡುವವರನ್ನು ಕಂಡರೆ ನನಗೆ ನ್ಯಾಯ ಅನ್ಯಾಯ ತೋಚುವುದಿಲ್ಲ.

ಪಿಕಪ್ ಅಂಗಡಿಯ ಹಿಂದೆಯೇ ಇತ್ತು. ಹಿಂದಿನ ಎರಡು ಚಕ್ರ ಇರಲಿಲ್ಲ. ಕಲ್ಲು ಕೊಟ್ಟು ನಿಲ್ಲಿಸಿದ್ದ. ಗೇರ್ ಬಾಕ್ಸ್ ಗೋಣಿಚೀಲದ ಮೇಲೆ ಬಿದ್ದಿತ್ತು. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಸುಷ್ಮಿತಾ ಬಾಗಿಲು ತೆಗೆದರೆ ಕೈಗೇ ಕುಕ್ಕಲು ಬಂತು.

"ಎಷ್ಟು ದಿನ ಆಯ್ತು?" ಎಂದು ಕೇಳಿದರು.

"ಗಾಡಿ ನಿಂತು ಹತ್ತು ದಿನ. ಕೋಳಿ ಕೂತು ಆರು ದಿನ" ಎಂದ ಪ್ರದೀಪ.

ಜೀಪಿನಲ್ಲಿ ಸುಷ್ಮಿತಾ ಒಂದೇ ಮಾತು ಆಡಿದರು. ಮುರುಗೇಶಪ್ಪ ಬರೀ ಬಿಳಿ ಪಿಕಪ್ ಕಂಡೆ ಅಂದಿದ್ದರೆ ಕಣ್ತಪ್ಪು ಅನ್ನಬಹುದಿತ್ತು. ಪ್ರದೀಪನದೇ ಎಂದು ಹೆಸರು ಹಿಡಿದು ಯಾಕೆ ಹೇಳಿದರು? ನಾನು ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡ ಮನುಷ್ಯರಿಗೆ ಮಾತಾಡುವ ಚಟ, ಅಷ್ಟೇ ಎಂದುಕೊಂಡೆ.

*

ಮರುದಿನ ಬೆಳಿಗ್ಗೆ ಎಂಟಕ್ಕೆ ಮುರುಗೇಶಪ್ಪನೇ ಫೋನ್ ಮಾಡಿದ. ಮನೆಯ ಪೆಟ್ರೋಲ್ ವಾಷರ್ ಕೈಕೊಟ್ಟಿದೆ, ಅಟ್ಟಣೆಯ ಕೆಳಗಿನ ನೆಲ ತೊಳೆಯಬೇಕು, ಎರಡು ಗಂಟೆಗೆ ಸಂಘದವರು ಬರುತ್ತಾರೆ, ಕೂಡಲೇ ಬಾ ಎಂದ. ಆಳಿಗೆ ಹೇಳಿದ ಹಾಗೆ ಹೇಳಿದ.

ಗೇಟಿನಲ್ಲಿ ಅವನದೇ ಮುಖದ ಫ್ಲೆಕ್ಸು. ಯಂತ್ರ ಅಂಗಳದಲ್ಲಿತ್ತು. ಮೇಲೆಲ್ಲ ಪಾಲಿಶ್ ಹಾಕಿ ಕನ್ನಡಿಯ ಹಾಗೆ ಉಜ್ಜಿದ್ದ. ವಾರಕ್ಕೊಮ್ಮೆ ತಾನೇ ಮೆಂಟೆನೆನ್ಸ್ ಮಾಡುವುದಾಗಿಯೂ, ನಮ್ಮಂಥವರಿಗೆ ಶಿಸ್ತಿಲ್ಲವೆಂದೂ ಕೊರೆದ. ಹೊರಗೆ ಹೊಳೆದರೆ ಸಾಕು, ಇಂಥವರ ಮೆಂಟೆನೆನ್ಸ್ ಮುಗಿಯಿತು.

ಎಂಜಿನ್ ಆಯಿಲ್ ನೋಡಿದೆ, ಮಟ್ಟ ಸರಿ ಇತ್ತು. ಹಗ್ಗ ಎಳೆದೆ, ಒಂದೇ ಸಲಕ್ಕೆ ಹೊತ್ತಿತು. ಗನ್ ಒತ್ತಿದರೆ ನೀರು ಜೋರಾಗಿ ಬಂದು, ಸೊರಗಿ, ಮತ್ತೆ ಜೋರಾಗುತ್ತಿತ್ತು. ಎಂಜಿನ್ ಕೂಡ ಬಿಕ್ಕಳಿಸುತ್ತಿತ್ತು. ಒತ್ತಡ ಹೆಚ್ಚುಕಡಿಮೆ ಮಾಡುವ ಗುಬುಟಿನ ಮೇಲೆ ಇಕ್ಕಳದ ಹಲ್ಲಿನ ಗಾಯ ಕಂಡಿತು. ಒತ್ತಡ ಇಳಿದ ಕೂಡಲೇ ಆ ಗುಬುಟು ಹಿಡಿದು ತಿರುಚುವವನಿಗಿಂತ ದಡ್ಡ ಇಲ್ಲ. ನೀರೇ ಒಳಗೆ ಬರದಿದ್ದರೆ ಗುಬುಟು ಎಷ್ಟು ತಿರುಗಿಸಿ ಏನು ಬಂತು?

ಎಂಜಿನ್ ನಿಲ್ಲಿಸಿದೆ. ಗನ್ ಒತ್ತಿ ಒಳಗುಳಿದ ಒತ್ತಡ ಬಿಟ್ಟೆ. ನೀರು ಒಳಗೆ ಬರುವ ಪೈಪು ಬಿಚ್ಚಿದೆ. ಅಲ್ಲಿ ಹೆಬ್ಬೆರಳಿನ ತುದಿಯಷ್ಟು ಒಂದು ಜಾಲರಿ ಇರುತ್ತದೆ, ಕಸ ತಡೆಯಲು. ಪ್ರತಿ ಸಲ ಯಂತ್ರ ಬಳಸಿದ ಮೇಲೆ ತೆಗೆದು ತೊಳೆಯಬೇಕು. ಕೈಪಿಡಿಯಲ್ಲಿ ಚಿತ್ರ ಸಮೇತ ಹಾಕಿರುತ್ತಾರೆ. ಈತ ಫ್ಲೆಕ್ಸಿಗೆ ಫೋಟೋ ಆರಿಸುವುದರಲ್ಲಿ ಆ ಪುಟಕ್ಕೆ ಹೋಗಿರಲಿಲ್ಲ.

ಜಾಲರಿಯ ತುಂಬ ಉಣ್ಣೆ. ಉಣ್ಣೆಗೆ ಅಂಟಿದ ಕೆಂಪು ಜಿಡ್ಡು. ಮೂಗಿನ ಹತ್ತಿರ ಹಿಡಿದೆ. ಹೊಂಗೆ ಎಣ್ಣೆ. ಅದರ ಹಿಂದೆ ಬಜೆ.

ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡೆ.

ನೀರು ಎಲ್ಲಿಂದ ಕೊಟ್ಟಿರಿ ಎಂದು ಸಹಜವಾಗಿ ಕೇಳಿದೆ. ನಿನ್ನೆ ಮಧ್ಯಾಹ್ನ ಕರೆಂಟ್ ಇರಲಿಲ್ಲ, ನೆಲದ ತೊಟ್ಟಿಗೆ ಪೈಪು ಬಿಟ್ಟು ಕಾರು ತೊಳೆದೆ ಎಂದ. ಕಾರಿಗೆ ಉಣ್ಣೆ ಯಾವಾಗ ಬಂತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಜಾಲರಿಯನ್ನು ಇದ್ದ ಹಾಗೆಯೇ ಒಳಗೆ ಕೂರಿಸಿ ಪೈಪು ಬಿಗಿದೆ. ಅಂಗಡಿಯಿಂದ ಪೈಪಿಗೆ ಒಂದು ರಬ್ಬರ್ ವಾಷರ್ ತರಬೇಕು, ಅಲ್ಲಿತನಕ ಮುಟ್ಟಬೇಡಿ ಎಂದೆ. ರಸ್ತೆಗೆ ಬಂದು ಸುಷ್ಮಿತಾಗೆ ಫೋನ್ ಮಾಡಿದೆ.

*

ಹನ್ನೊಂದಕ್ಕೆ ಜೀಪು ಬಂತು. ಉಚ್ಚಂಗಮ್ಮ, ಸಣ್ಣಪ್ಪ, ಬೀರೇಶ ಇಳಿದರು. ಸಣ್ಣಪ್ಪನ ಜೇಬಿನಲ್ಲಿ ದೂರಿನ ಕಾಗದ ಇಣುಕುತ್ತಿತ್ತು. ಎಲ್ಲರ ಎದುರಿಗೆ ನಾನು ಪೈಪು ಬಿಚ್ಚಿ ಜಾಲರಿ ತೆಗೆದು ಸುಷ್ಮಿತಾ ಅವರ ಅಂಗೈ ಮೇಲಿಟ್ಟೆ. ಅವರು ಅದನ್ನು ಉಚ್ಚಂಗಮ್ಮನ ಮುಂದೆ ಹಿಡಿದರು. ಆಕೆ ಮೂಸಿದಳು.

"ನಮ್ಮನೆ ಜಾಜು ಇದು" ಎಂದಳು.

ಮುರುಗೇಶಪ್ಪ ನಕ್ಕುಬಿಟ್ಟ. ತನ್ನ ಕುರಿಯನ್ನು ತಾನು ತೊಳೆದದ್ದೂ ಅಪರಾಧವೇ ಎಂದ. ಎರಡು ಗಂಟೆಯ ಹಿಂದೆ ನನ್ನೆದುರು 'ಕಾರು ತೊಳೆದೆ' ಅಂದವನ ಬಾಯಲ್ಲಿ ಈಗ ಕುರಿ ಬಂತು.

"ನಿಮ್ಮ ಕುರಿಗೆ ಒಂದು ಚುಕ್ಕಿ ಬಣ್ಣ ಇಲ್ಲ ಅಂತ ನಿನ್ನೆ ಊರಿಗೆಲ್ಲ ಹೇಳಿದ್ರಲ್ಲ. ಜಾಜು ಎಲ್ಲಿಂದ ಬಂತು?" ಎಂದು ಕೇಳಿದೆ.

ಅವನು ನನ್ನ ಕಡೆ ನೋಡಲೇ ಇಲ್ಲ. ಮೆಕ್ಯಾನಿಕ್ಕಿನ ಮಾತು ಕೇಳಿ ಪೊಲೀಸರು ಬರುವ ಕಾಲ ಬಂತಲ್ಲ ಎಂದು ಸುಷ್ಮಿತಾಗೆ ಹೇಳಿದ. ಕುರಿ ಮನೆಯ ಬಾಗಿಲು ತೆಗೆಯಿರಿ ಎಂದರು ಅವರು. ಸೋಂಕು, ನಿಯಮ, ಸಂಘದವರು ಎಂದೆಲ್ಲ ಅಡ್ಡ ಬಂದ.

ಉಚ್ಚಂಗಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಅಟ್ಟಣೆಯ ಕೆಳಗೆ ನಿಂತು, ಸಂಜೆ ರೊಪ್ಪಕ್ಕೆ ಕರೆಯುವ ಹಾಗೆ ತುಟಿ ಕೂಡಿಸಿ ದನಿ ಮಾಡಿದಳು. ಮರದ ಗೋಡೆಯ ಆಚೆ ಒಂದು ಕುರಿ ಅರಚಿತು. ಆಮೇಲೆ ಎಲ್ಲವೂ ಅರಚಿದವು. ಬಾಗಿಲಿಗೆ ತಲೆ ಗುದ್ದುವ ಸದ್ದು ಕೇಳಿಸಿತು.

ಬೀರೇಶ ಇಳಿಜಾರು ಹಲಗೆ ಹತ್ತಿ ಚಿಲಕ ತೆಗೆದ. ಕುರಿಗಳು ಹಲಗೆ ಇಳಿದು ಉಚ್ಚಂಗಮ್ಮನ ಸುತ್ತ ಬಂದು ನಿಂತವು. ಬೆನ್ನು ಬೆಳ್ಳಗೆ, ಒಂದರ ಮೇಲೂ ಗುರುತಿಲ್ಲ. ಪ್ರತಿ ಕಿವಿಯಲ್ಲೂ ಹೊಸ ಹಳದಿ ಟ್ಯಾಗು, ಟ್ಯಾಗಿನ ಸುತ್ತ ಒಣಗಿದ ರಕ್ತ. ದೊಡ್ಡ ಟಗರಿನ ಬೆನ್ನಿನಲ್ಲಿ ಉಣ್ಣೆ ಪಟ್ಟಿ ಪಟ್ಟಿಯಾಗಿ ಎದ್ದುಹೋಗಿ ಚರ್ಮ ಸೀಳಿತ್ತು. ಗನ್ನಿಗೆ ಸಿಮೆಂಟಿನ ಪಾಚಿ ಕೀಳುವ ಕೆಂಪು ಮೂತಿಯನ್ನು ಹಾಕಿ, ಜೀವ ಇರುವ ಮೈಗೆ ನೀರು ಹೊಡೆದಿದ್ದ. ಥೂ, ಮನುಷ್ಯನೇ ಇವನು? ಮೇಲೆ ಮೂಲೆಯಲ್ಲಿ ಮುರುಗೇಶಪ್ಪನದೇ ಕುರಿ ಆರು ಉಳಿದಿದ್ದವು, ಎಲುಬು ಎಣಿಸುವ ಹಾಗೆ.

ಸುಷ್ಮಿತಾ ಎಲ್ಲವನ್ನೂ ಜೋಡಿಸಿ ಹೇಳಿದರು. ಸಾಕಲು ಬಾರದೆ ಇವನ ಕುರಿ ಸತ್ತುಹೋಗಿವೆ. ಸಂಘದವರಿಗೆ ಎಣಿಸಲು ಇಪ್ಪತ್ತು ಬೇಕು. ಹಟ್ಟಿ ಖಾಲಿಯಿದ್ದ ದಿನ ಟಗರಿಗೆ ಹಗ್ಗ ಹಾಕಿ ನಡೆಸಿದ, ಉಳಿದವು ಹಿಂದೆ ಬಂದವು. ಗಾಡಿಯೇ ಇರಲಿಲ್ಲ. ಡಾಂಬರಿನ ಮೇಲೆ ಗೊರಸು ಮೂಡುವುದಿಲ್ಲ, ಅರ್ಧ ಮೈಲಿಯಲ್ಲಿ ಇವನ ಗೇಟು. ಪಿಕಪ್ ಎಂದರೆ ಎಲ್ಲರೂ ನಂಬುತ್ತಾರೆಂದು ಪಿಕಪ್ ಎಂದ. ತೊಟ್ಟಿಯ ಪಕ್ಕದಲ್ಲೇ ಕುರಿ ತೊಳೆದ. ತೊಳೆದ ನೀರು ತೊಟ್ಟಿಗೇ ಹರಿದು, ಪೈಪಿನಲ್ಲಿ ಹತ್ತಿ, ಜಾಲರಿಗೆ ಕೂತಿತು.

"ಎರಡು ದಿನದ ಮಟ್ಟಿಗೆ ಕಣ್ರಿ. ಪ್ರೋಗ್ರಾಂ ಮುಗಿದ ಮೇಲೆ ಬಿಟ್ಟು ಬರ್ತಿದ್ದೆ" ಎಂದ ಮುರುಗೇಶಪ್ಪ.

"ಬೀರೇಶ ರೊಪ್ಪದಲ್ಲಿ ಇಲ್ಲ ಅಂತ ನಿಮಗೆ ಹೆಂಗೆ ಗೊತ್ತಾಯ್ತು?" ಸುಷ್ಮಿತಾ ಕೇಳಿದರು.

ಮುರುಗೇಶಪ್ಪ ರಸ್ತೆಯ ಕಡೆ ಕೈ ತೋರಿದ. ಗೇಟಿನ ಮುಂದೆ ಓಡಿಹೋದದ್ದನ್ನು ಕಂಡೆ ಎಂದ.

ಬೀರೇಶ ಓಡಿದ್ದನ್ನು ನೋಡಿದವನು ಒಬ್ಬನಿದ್ದ. ಆ ಒಬ್ಬನೇ ಹುಡುಗನನ್ನು ಪಿಕಪ್ಪಿನಲ್ಲಿ ಕೂರಿಸಿ ಕಳ್ಳನ ಪಟ್ಟ ಕಟ್ಟಿದ್ದ. ಒಂದು ಶಾಲು, ಒಂದು ಹಾರಕ್ಕೆ. ಇಂಥವನನ್ನು ಬೈಯಲೂ ನನಗೆ ಅಸಹ್ಯವಾಯಿತು.

ಸಣ್ಣಪ್ಪ ಜೇಬಿನ ಕಾಗದ ತೆಗೆದು ಹರಿದ. ಚೂರುಗಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು, ತಪ್ಪಾಯ್ತು ಕಣಪ್ಪ ಎಂದ. ಬೀರೇಶ ಟಗರಿನ ಕಿವಿಯ ಟ್ಯಾಗನ್ನು ಕತ್ತರಿಸಿ ಬಿಡಿಸುತ್ತಿದ್ದ.

ಹೊಸ ದೂರನ್ನು ಜೀಪಿನ ಬಾನೆಟ್ ಮೇಲೆ ಬರೆದರು. ಆರೋಪಿಯ ಹೆಸರು, ತಂದೆಯ ಹೆಸರು ಬರೆದು ಸುಷ್ಮಿತಾ ವೃತ್ತಿ ಎಂಬಲ್ಲಿಗೆ ಬಂದರು. ಕುರಿ ಸಾಕಣೆ ಎಂದು ಗಟ್ಟಿಯಾಗಿ ಓದುತ್ತ ಬರೆದರು. ಉಚ್ಚಂಗಮ್ಮ ಆವರೆಗೂ ಮುರುಗೇಶಪ್ಪನ ಮುಖ ನೋಡಿರಲಿಲ್ಲ. ಈಗ ನೋಡಿದಳು. ತಲೆಯಿಂದ ಕಾಲಿನವರೆಗೆ ನೋಡಿ, ಒತ್ತಲು ಚಾಚಿದ್ದ ಹೆಬ್ಬೆಟ್ಟನ್ನು ಹಿಂದಕ್ಕೆ ತಗೊಂಡಳು.

"ಕಳ್ಳ ಅಂತ ಬರಕಳ್ರಿ, ಸುಳ್ಳ ಅಂತ ಬರಕಳ್ರಿ. ಕುರಿ ಸಾಕಾನು ಅಂತ ಬರೆದಿರೋದ್ನ ಮಾತ್ರ ಹೊಡೆದಾಕ್ರಿ. ಆಮ್ಯಾಲೆ ಒತ್ತೀನಿ."

ಸುಷ್ಮಿತಾ ಆ ಮಾತನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಉಚ್ಚಂಗಮ್ಮ ಹೆಬ್ಬೆಟ್ಟು ಒತ್ತಿ, ಹದಿನಾಲ್ಕು ಕುರಿ ಹೊಡೆದುಕೊಂಡು ಮನೆಗೆ ಹೋದಳು.